ಬಣ್ಣ ಕೆರೆಯುವ ಮೊದಲು

ಹಳೆಯ ಫಿಯೆಟ್ಟನ್ನೋ ಪದ್ಮಿನಿಯನ್ನೋ ಹೊಸದಾಗಿ ಮಾಡಿಸಲು ಗ್ಯಾರೇಜಿಗೆ ಬಿಟ್ಟರೆ ಮೊದಲ ದಿನ ನಡೆಯುವುದು ಬಿಚ್ಚುವ ಕೆಲಸ. ಬಂಪರ್, ಗ್ರಿಲ್, ದೀಪ, ಸೀಟು, ಬಾಗಿಲಿನ ಒಳಹೊದಿಕೆ ಎಲ್ಲ ಕಳಚಿ ಮೂಲೆ ಸೇರುತ್ತವೆ. ಸೀಟಿನಡಿ ಸಿಕ್ಕಿದ ಚೀಟಿ, ಡ್ಯಾಶ್‌ಬೋರ್ಡಿನ ಗೂಡಿನಲ್ಲಿದ್ದ ಸರ್ವಿಸ್ ಪುಸ್ತಕ, ಗಾಜಿಗೆ ಅಂಟಿದ್ದ ಮಾಸಿದ ತೆರಿಗೆ ಬಿಲ್ಲೆ ಕಸದ ಬುಟ್ಟಿಗೆ ಹೋಗುತ್ತವೆ. ಆಮೇಲೆ ಸ್ಯಾಂಡ್ ಪೇಪರ್ ಹಿಡಿದು ಬಣ್ಣ ಉಜ್ಜುವುದು, ಟಿಂಕರಿಂಗ್, ಪುಟ್ಟಿ, ಪೇಂಟು. ಆರು ತಿಂಗಳೋ ಎರಡು ವರ್ಷವೋ ಕಳೆದು ಕಾರು ಫಳಫಳ ಹೊಳೆಯುತ್ತಾ ಹೊರಬಂದ ಮೇಲೆ, ಯಾರೋ ಕೇಳಿದರೆಂದು, "ಇದು ಮೊದಲು ಯಾರದಿತ್ತು?" ಎಂಬ ಹುಡುಕಾಟ ಶುರುವಾಗುತ್ತದೆ. ಅಷ್ಟರಲ್ಲಿ ಉತ್ತರ ಹೇಳಬಹುದಾಗಿದ್ದ ಅರ್ಧ ಸಾಕ್ಷ್ಯ ಗುಡಿಸಿ ಹೋಗಿರುತ್ತದೆ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ವಾದ. ಹಿಂದಿನ ಮಾಲೀಕರನ್ನು ಹುಡುಕುವುದು ಕಾರಿನ ಕೆಲಸ ಮುಗಿದ ಮೇಲೆ ಬಿಡುವಿನಲ್ಲಿ ಮಾಡುವ ಹವ್ಯಾಸವಲ್ಲ. ಅದು ಪುನರುಜ್ಜೀವನದ ಮೊದಲ ಹಂತ. ಯಾವ ತಗಡು ಉಳಿಯಬೇಕು, ಯಾವ ಬಣ್ಣ ಬಳಿಯಬೇಕು, ಯಾವ ಗೀರನ್ನು ಮುಟ್ಟದೆ ಬಿಡಬೇಕು ಎಂಬುದನ್ನು ಮಾಲೀಕರ ಕಥೆ ತಿಳಿಯದೆ ತೀರ್ಮಾನಿಸಲಾಗದು.

ರೋಲ್ಸ್ ರಾಯ್ಸ್, ಪ್ಯಾಕಾರ್ಡ್‌ಗಳಂಥ ಅರಸರ ಕಾರುಗಳಿಗೆ ಈ ಮಾತನ್ನು ಯಾರೂ ಬೇಡವೆನ್ನುವುದಿಲ್ಲ; ಅವುಗಳ ಜೊತೆ ಮಹಾರಾಜರ ಹೆಸರು ತಾನಾಗಿಯೇ ಬರುತ್ತದೆ. ನಾನು ಹೇಳುತ್ತಿರುವುದು ಸಣ್ಣ ಕಾರುಗಳ ಬಗ್ಗೆ. ನಮ್ಮ ದೇಶದಲ್ಲಿ ಸಣ್ಣ ಕಾರಿನ ಚರಿತ್ರೆ ಎಂದರೆ ಕಾಯುವಿಕೆಯ ಚರಿತ್ರೆ. ಇಲ್ಲೇ ಕಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಪಟ್ಟುಹಿಡಿದು ಯೋಜನೆ ಬರೆದವರು ನಮ್ಮ ವಿಶ್ವೇಶ್ವರಯ್ಯನವರು. ಅವರೊಂದಿಗೆ ಕೈಜೋಡಿಸಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಬಿಡಿಭಾಗ ತಂದು ಜೋಡಿಸುವವರಲ್ಲ, ಇಲ್ಲೇ ತಯಾರಿಸುವವರು ಮಾತ್ರ ಉಳಿಯಲಿ ಎಂಬ ನೀತಿ 1953ರಲ್ಲಿ ಬಂದಾಗ ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಪೇಟೆಯಲ್ಲಿ ಉಳಿದದ್ದು ಹಿಂದುಸ್ತಾನ್, ಪ್ರೀಮಿಯರ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರು. 1970ರ ದಶಕದಲ್ಲಿಯೂ ಇಡೀ ದೇಶದ ಕಾರು ಉತ್ಪಾದನೆ ವರ್ಷಕ್ಕೆ ಐವತ್ತು ಸಾವಿರ ದಾಟಿರಲಿಲ್ಲ. ದುಡ್ಡಿದ್ದವರೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಪಾಳಿ ಬಂದು ಕಾರು ಸಿಕ್ಕಿದರೂ ಎರಡು ವರ್ಷದೊಳಗೆ ಅನುಮತಿಯಿಲ್ಲದೆ ಮಾರುವಂತಿಲ್ಲ. ಹಾಗಾಗಿ ಪ್ರೀಮಿಯರ್ ತಯಾರಿಸಿದ ಆ ಕಾಲದ ಫಿಯೆಟ್ಟಿನ ಮೊದಲ ಮಾಲೀಕ ಯಾರು, ಎಷ್ಟು ವರ್ಷ ಇಟ್ಟುಕೊಂಡ, ಯಾರಿಗೆ ದಾಟಿಸಿದ ಎಂಬ ಮೂರು ಸಂಗತಿ ಗೊತ್ತಾದರೆ ಆ ಊರಿನಲ್ಲಿ ಯಾರಿಗೆ ಕಾರು ಕೈಗೆಟುಕುತ್ತಿತ್ತು, ಯಾರಿಗೆ ಎಟುಕುತ್ತಿರಲಿಲ್ಲ ಎಂಬುದೂ ಗೊತ್ತಾಗುತ್ತದೆ. ಒಂದು ಕಾರು ಡಾಕ್ಟರರ ಮನೆಯಿಂದ ಗುತ್ತಿಗೆದಾರರ ಮನೆಗೆ, ಅಲ್ಲಿಂದ ಡ್ರೈವಿಂಗ್ ಸ್ಕೂಲಿಗೆ, ಕೊನೆಗೆ ಹಳ್ಳಿಯ ಕೊಟ್ಟಿಗೆಗೆ ಸಾಗಿದ್ದರೆ, ಅದು ಮಧ್ಯಮ ವರ್ಗ ಮೆಟ್ಟಿಲು ಮೆಟ್ಟಿಲಾಗಿ ಹರಡಿದ ದಾರಿಯೂ ಹೌದು.

ಮಾಲೀಕರ ಕಥೆ ಲೋಹಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ದೆಹಲಿಯ ಒಂದು ಫಿಯೆಟ್ ಸಾಕು. ಲಾಲ್ ಬಹದ್ದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಮನೆಮಂದಿಯ ಒತ್ತಾಯಕ್ಕೆ ಮಣಿದು ಕೊಂಡ ಕಾರು ಅದು. 1964ರ ಮಾದರಿ, ಡಿಎಲ್‌ಇ 6 ಎಂಬ ಸಂಖ್ಯೆ. ಬೆಲೆ ಸುಮಾರು 12,000 ರೂಪಾಯಿ, ಕೈಯಲ್ಲಿದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ತೀರಿಕೊಂಡಾಗ ಸಾಲ ಹಾಗೇ ಇತ್ತು, ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಕಾರು ಈಗ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ಯಾಂತ್ರಿಕವಾಗಿ ಅದಕ್ಕೂ ಆ ವರ್ಷ ಕಾರ್ಖಾನೆಯಿಂದ ಹೊರಬಂದ ಬೇರೆ ಫಿಯೆಟ್ಟುಗಳಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ: ಅದೇ 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಅದೇ ಗೇರ್ ಕಡ್ಡಿ. ಆದರೂ ಆ ಕಾರಿನೆದುರು ಜನ ಸುಮ್ಮನೆ ನಿಲ್ಲುತ್ತಾರೆ. ಪ್ರಧಾನಿಯೊಬ್ಬರು ಕಾರಿಗಾಗಿ ಸಾಲದ ಅರ್ಜಿ ಬರೆದ ಕಾಲವೊಂದಿತ್ತು ಎಂಬುದಕ್ಕೆ ಅದು ಕಣ್ಣೆದುರಿನ ಪುರಾವೆ. ಆ ಸಾಲದ ಸಂಗತಿ ಮರೆತುಹೋಗಿದ್ದರೆ ಅಲ್ಲಿ ನಿಂತಿರುವುದು ಬರೀ ಹಳೆಯ ಗಾಡಿ.

ಎರಡನೆಯ ಪುರಾವೆ ಇನ್ನೂ ಗಟ್ಟಿ, ಏಕೆಂದರೆ ಅಲ್ಲಿ ಮಾಲೀಕ ದೊಡ್ಡ ಮನುಷ್ಯನಲ್ಲ. 1983ರಲ್ಲಿ ಮಾರುತಿ 800ಕ್ಕೆ ಬುಕಿಂಗ್ ತೆರೆದಾಗ ಎರಡು ತಿಂಗಳಲ್ಲಿ ತಲಾ 10,000 ರೂಪಾಯಿ ಮುಂಗಡ ಕಟ್ಟಿ ಹೆಸರು ಬರೆಸಿದವರು ಸುಮಾರು 1.35 ಲಕ್ಷ ಮಂದಿ. ಆ ವರ್ಷದ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಕಾರಿನ ಕೀಲಿ ಪಡೆದವರು ಲಾಟರಿಯಲ್ಲಿ ಹೆಸರು ಬಂದಿದ್ದ ಹರ್‌ಪಾಲ್ ಸಿಂಗ್, ಇಂಡಿಯನ್ ಏರ್‌ಲೈನ್ಸಿನ ಒಬ್ಬ ನೌಕರ. ಡಿಐಎ 6479 ಸಂಖ್ಯೆಯ ಆ ಬಿಳಿ ಕಾರನ್ನು ಅವರು ಮಾರಲಿಲ್ಲ. 2010ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಬಳಿಯೇ ಇಟ್ಟುಕೊಂಡರು. ಆಮೇಲೆ ಅದು ದೆಹಲಿಯ ಮನೆಯ ಮುಂದೆ ಬಿಸಿಲುಮಳೆಗೆ ಬಿದ್ದು ತುಕ್ಕು ಹಿಡಿಯತೊಡಗಿತು. ಗುಜರಿಗೆ ಹಾಕಿದ್ದರೆ ಕೆಲವೇ ಸಾವಿರ ಸಿಗಬಹುದಾಗಿದ್ದ ಆ ಗಾಡಿಯನ್ನು ಕೊನೆಗೆ ಕಂಪನಿಯೇ ಸರಿಪಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. 2014ರ ಆರಂಭದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮಾರುತಿ 800ಗಳು ರಸ್ತೆಗಿಳಿದಿದ್ದವು. ಅಷ್ಟರಲ್ಲಿ ಇದೊಂದನ್ನು ಉಳಿಸಿದ್ದು ಅದರ ಎಂಜಿನ್ನಲ್ಲ, ತಗಡಲ್ಲ. ಇದು ಇಂಥವರ ಕಾರು, ಇಂಥ ದಿನ ಕೊಂಡದ್ದು ಎಂದು ಖಚಿತವಾಗಿ ಹೇಳಲು ಸಾಧ್ಯವಿತ್ತು ಎಂಬುದೇ ಅದನ್ನು ಉಳಿಸಿತು.

ಹಾಗಾದರೆ ಪ್ರಧಾನಿಯ ಫೋಟೋ ಇಲ್ಲದ, ಪತ್ರಿಕೆಯಲ್ಲಿ ಹೆಸರು ಬರದ ಕಾರಿಗೆ ದಾರಿ ಯಾವುದು? ಬಾಯಿಮಾತಿನಿಂದ ಶುರುಮಾಡುವುದು ತಪ್ಪು. ಮಾರುವವರು ಹೇಳುವ "ಇದು ಕಲೆಕ್ಟರ್ ಸಾಹೇಬರ ಗಾಡಿ", "ಸಿನಿಮಾದವರ ಕಾರು" ಎಂಬ ಮಾತು ಬೆಲೆ ಏರಿಸುವುದಕ್ಕೆ ಹುಟ್ಟಿದ್ದಿರಬಹುದು. ಶುರುಮಾಡಬೇಕಾದದ್ದು ಚಾಸಿ ನಂಬರಿನಿಂದ. ನೋಂದಣಿ ಸಂಖ್ಯೆ ಬದಲಾಗುತ್ತದೆ. ಬೇರೆ ರಾಜ್ಯಕ್ಕೆ ಹೋಗಿ ಹನ್ನೆರಡು ತಿಂಗಳು ಮೀರಿ ಅಲ್ಲೇ ಉಳಿದ ಗಾಡಿ ಹೊಸ ನಂಬರು ಪಡೆಯಬೇಕೆಂಬುದು ಕಾನೂನು. ಆದರೆ ತಗಡಿನ ಮೇಲೆ ಒತ್ತಿದ ಚಾಸಿ ನಂಬರು ಕಾರು ಇರುವತನಕ ಇರುತ್ತದೆ. ನಂತರ ನೋಡಬೇಕಾದದ್ದು ಹಳೆಯ ಆರ್‌ಸಿ ಪುಸ್ತಕ. ಕೈಯಲ್ಲಿ ಹಿಡಿದು ನಿಧಾನವಾಗಿ ಪುಟ ತಿರುಗಿಸಿದರೆ ಅದರಷ್ಟು ಪ್ರಾಮಾಣಿಕವಾಗಿ ಮಾತಾಡುವ ಕಾಗದ ಇನ್ನೊಂದಿಲ್ಲ. ಮೊದಲ ಪುಟದಲ್ಲಿ ಗುಮಾಸ್ತರ ದುಂಡನೆಯ ಅಕ್ಷರದಲ್ಲಿ ಮೊದಲ ಮಾಲೀಕರ ಹೆಸರು, ತಂದೆಯ ಹೆಸರು, ವಿಳಾಸ. ಮುಂದಿನ ಪುಟಗಳಲ್ಲಿ ಒಂದರ ಕೆಳಗೊಂದು ವರ್ಗಾವಣೆಯ ಒಕ್ಕಣೆ, ಪ್ರತಿಯೊಂದಕ್ಕೂ ಆರ್‌ಟಿಒ ಮೊಹರು. ಎಲ್ಲೋ ನಡುವೆ ಬ್ಯಾಂಕಿನ ಸಾಲಕ್ಕೆ ಅಡವಿಟ್ಟ ಟಿಪ್ಪಣಿ, ಕೆಲವು ವರ್ಷದ ನಂತರ ಸಾಲ ತೀರಿತೆಂಬ ಇನ್ನೊಂದು ಟಿಪ್ಪಣಿ. ಕೆಂಪು ಶಾಯಿಯಲ್ಲಿ ಬಣ್ಣ ಬದಲಾದದ್ದರ ಉಲ್ಲೇಖ. ನೀಲಿ ಶಾಯಿ ಹರಡಿದ ಕಡೆ ಮಳೆಯಲ್ಲಿ ನೆನೆದದ್ದೂ ಕಾಣುತ್ತದೆ. ಒಂದು ಮೊಹರಿಗೂ ಇನ್ನೊಂದಕ್ಕೂ ನಡುವೆ ಹದಿನೆಂಟು ವರ್ಷದ ಅಂತರವಿದ್ದರೆ ಕಾರನ್ನು ಪ್ರೀತಿಯಿಂದ ಸಾಕಿದವರೊಬ್ಬರಿದ್ದರು ಎಂದರ್ಥ. ಎರಡೇ ವರ್ಷದಲ್ಲಿ ಮೂರು ಮೊಹರು ಬಿದ್ದಿದ್ದರೆ ಆ ಹೊತ್ತಿಗೆ ಎಂಜಿನ್ನು ತೊಂದರೆ ಕೊಡುತ್ತಿತ್ತೇ ಎಂದು ಮೆಕ್ಯಾನಿಕ್ಕನ್ನು ಕೇಳಬೇಕು.

ಆರ್‌ಸಿ ಪುಸ್ತಕ ಕಳೆದುಹೋಗಿದ್ದರೆ ನಮ್ಮಲ್ಲಿ ಇನ್ನೊಂದು ದಾರಿಯಿದೆ, ಆರ್‌ಟಿಒ ಕಚೇರಿಯ ಬಿ ರಿಜಿಸ್ಟರ್. ಜನ ಬಿ ಎಕ್ಸ್‌ಟ್ರಾಕ್ಟ್ ಎಂದು ಕರೆಯುವುದು ಆ ದಾಖಲೆಯ ಪ್ರತಿಯನ್ನೇ. 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ಬಳಿಕ ಕೆಎ ಸರಣಿ ಬಂತು. ಅದಕ್ಕೂ ಹಿಂದೆ ಎಂವೈ ಅಕ್ಷರಗಳಿಂದ ಶುರುವಾಗುತ್ತಿದ್ದ ಮೈಸೂರು ಕಾಲದ ಸಂಖ್ಯೆಗಳಿದ್ದವು. ಆ ಕಾಲದ ವಿವರ ದಪ್ಪ ರಟ್ಟಿನ ಲೆಡ್ಜರುಗಳಲ್ಲಿ ಕೈಬರಹದಲ್ಲಿದೆ. ಕಂಪ್ಯೂಟರಿಗೆ ಎಲ್ಲವನ್ನೂ ಏರಿಸಿದ್ದೇವಲ್ಲ ಎಂದು ಸಮಾಧಾನಪಡುವಂತಿಲ್ಲ. ಪುಸ್ತಕದ ಜಾಗಕ್ಕೆ ಬಂದ ಸ್ಮಾರ್ಟ್ ಕಾರ್ಡಿನಲ್ಲಿ ಈಗಿನ ಮಾಲೀಕರ ಹೆಸರಿದೆ, ಅವರು ಎಷ್ಟನೆಯವರು ಎಂಬ ಕ್ರಮಾಂಕವಿದೆ. ನಾಲ್ಕು ಎಂದು ಬರೆದಿದ್ದರೆ ಹಿಂದಿನ ಮೂವರು ಬರೀ ಅಂಕಿ. ಬ್ರಿಟನ್ನಿನಲ್ಲಿಯೂ ಹೀಗೇ ಆಯಿತು: ಪ್ರತಿ ಮಾಲೀಕನ ಹೆಸರನ್ನೂ ಮುದ್ರೆಯನ್ನೂ ಹೊತ್ತು ಕಾರಿನ ಜೊತೆಗೇ ಕೈ ಬದಲಾಗುತ್ತಿದ್ದ ಲಾಗ್‌ಬುಕ್ಕಿನ ಜಾಗಕ್ಕೆ 1970ರ ದಶಕದಲ್ಲಿ ಕಂಪ್ಯೂಟರ್ ದಾಖಲೆ ಬಂತು, ಈಗಿನ ಪತ್ರದಲ್ಲಿ ಹಿಂದಿನವರು ಎಷ್ಟು ಮಂದಿ ಎಂಬ ಲೆಕ್ಕವಷ್ಟೇ ಉಳಿದಿದೆ. ಆದರೆ ಅಲ್ಲಿ ಮಿನಿಯನ್ನೋ ಮಾರಿಸ್ ಮೈನರನ್ನೋ ಸರಿಪಡಿಸುವವರಿಗೆ ಇನ್ನೊಂದು ಆಸರೆಯಿದೆ. ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ನೋಡಿ, ಚಾಸಿ ನಂಬರಿನ ಆಧಾರದಲ್ಲಿ ಆ ಕಾರು ತಯಾರಾದ ದಿನ, ಮೂಲ ಬಣ್ಣ, ಯಾವ ಡೀಲರಿಗೆ ಹೋಯಿತು ಎಂಬ ಪ್ರಮಾಣಪತ್ರ ಕೊಡುತ್ತದೆ. ಅಂಥ ವ್ಯವಸ್ಥೆಯಿಲ್ಲದ ನಮ್ಮಲ್ಲಿ ಭಾರವೆಲ್ಲ ಆ ಪುಸ್ತಕ ಮತ್ತು ಲೆಡ್ಜರಿನ ಮೇಲೆ ಬೀಳುತ್ತದೆ. ಹಳೆಯ ಆರ್‌ಸಿ ಪುಸ್ತಕವನ್ನು "ಕಾರ್ಡ್ ಬಂತಲ್ಲ" ಎಂದು ಹರಿದು ಹಾಕುವುದು ಆದ್ದರಿಂದಲೇ ನನಗೆ ಸಹಿಸಲಾಗದ ಕೆಲಸ.

ಕಾಗದ ಹೇಳಿದ್ದನ್ನು ತಗಡು ಒಪ್ಪಬೇಕು. ಇಲ್ಲಿಯೇ ಹುಡುಕಾಟ ಮತ್ತು ರಿಪೇರಿ ಒಂದಾಗುವುದು. ಬಾಗಿಲಿನ ಒಳಹೊದಿಕೆಯ ಹಿಂದೆ, ಡಿಕ್ಕಿಯ ರಬ್ಬರ್ ಪಟ್ಟಿಯ ಅಡಿ, ಡ್ಯಾಶ್‌ಬೋರ್ಡಿನ ಬೆನ್ನಿಗೆ ಕಾರ್ಖಾನೆಯ ಮೂಲ ಬಣ್ಣ ಬಿಸಿಲು ಕಾಣದೆ ಉಳಿದಿರುತ್ತದೆ. ಮೇಲ್ಮೈಯಲ್ಲಿ ಅಂಗೈಯಗಲ ಜಾಗವನ್ನು ನೀರು ಹಚ್ಚಿ ಓರೆಯಾಗಿ ಉಜ್ಜಿದರೆ ಬಣ್ಣದ ಪದರಗಳು ಮರದ ಕಾಂಡದ ಉಂಗುರಗಳಂತೆ ಒಂದರೊಳಗೊಂದು ತೆರೆದುಕೊಳ್ಳುತ್ತವೆ: ಹೊರಗೆ ಮೆರೂನ್, ಅದರೊಳಗೆ ಬಿಳಿ, ಅದರಡಿ ಬೂದು ಪ್ರೈಮರ್, ಮತ್ತೂ ಒಳಗೆ ತಿಳಿ ಹಸಿರು. ಪದ್ಮಿನಿಯ ಚಾವಣಿಯಲ್ಲಿ ಹಳದಿಯೂ ಮೈಯಲ್ಲಿ ಕಪ್ಪೂ ಸಿಕ್ಕಿದರೆ ಆ ಕಾರು ಮುಂಬಯಿಯ ಟ್ಯಾಕ್ಸಿಯಾಗಿ ದುಡಿದಿರುವ ಸಾಧ್ಯತೆ ಹೆಚ್ಚು. ಅಲ್ಲಿ ಪದ್ಮಿನಿ ಟ್ಯಾಕ್ಸಿಯ ಕೊನೆಯ ನೋಂದಣಿ ನಡೆದದ್ದು 2003ರ ಅಕ್ಟೋಬರ್ 29ರಂದು, ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿಗೆ ಅವು ರಸ್ತೆಯಿಂದ ಮರೆಯಾದವು. ಹಾಗಿರುವಾಗ ಅಂಥ ಕಾರಿಗೆ ಮದುವೆ ಫೋಟೋಗೆ ಒಪ್ಪುವ ಹಾಲುಬಿಳಿ ಬಳಿದು "ಪುನರುಜ್ಜೀವನ" ಎನ್ನುವುದು ಸರಿಯೇ? ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿಕೊಂಡ ಸನ್ನದು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಫಿಯೆಟ್ಟಿನ ತವರಾದ ಟ್ಯೂರಿನ್ ನಗರದ ಹೆಸರನ್ನೇ ಹೊತ್ತ ಆ ಸನ್ನದು, ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ವೆನಿಸ್ಸಿನಲ್ಲಿ ರೂಪುಗೊಂಡ ಸನ್ನದಿನಿಂದ ಪ್ರೇರಣೆ ಪಡೆದದ್ದು. ಬದಲಿಸುವುದಕ್ಕಿಂತ ಉಳಿಸುವುದು ಮೇಲು, ವಾಹನ ತನ್ನ ಆಯುಷ್ಯದಲ್ಲಿ ಕಂಡ ಬದಲಾವಣೆಗಳೂ ಅದರ ಚರಿತ್ರೆಯ ಭಾಗ ಎಂಬುದು ಅದರ ತಿರುಳು. ಹಂಪಿಯ ಮಂಟಪಕ್ಕೆ ಸಿಮೆಂಟು ಮೆತ್ತಿದರೆ ಸಿಟ್ಟಾಗುವ ನಾವು ಕಾರಿನ ವಿಷಯದಲ್ಲಿ ಸಿಮೆಂಟನ್ನೇ ಸೌಂದರ್ಯ ಎಂದುಕೊಂಡಿದ್ದೇವೆ.

ಇದಕ್ಕೆ ಅನುಭವಸ್ಥ ಮೆಕ್ಯಾನಿಕ್ಕುಗಳು ಎತ್ತುವ ಆಕ್ಷೇಪ ಹಗುರವಾದದ್ದಲ್ಲ. ಫಿಯೆಟ್ 1100ಕ್ಕೆ ಲಾರಿಗಿರುವಂತೆ ಪ್ರತ್ಯೇಕ ಚೌಕಟ್ಟಿಲ್ಲ. ಮೈಯೇ ಅದರ ಬೆನ್ನೆಲುಬು. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದು ಹಪ್ಪಳವಾಗಿದ್ದರೆ ಅದು "ಚರಿತ್ರೆ" ಎಂದು ಬಿಟ್ಟು ಕೂರಲಾದೀತೇ? ಬ್ರೇಕ್ ಹಿಡಿಯದ ಗಾಡಿಯಲ್ಲಿ ಕೂತವರ ಗತಿಯೇನು? ಅವರ ಮಾತು ನೂರಕ್ಕೆ ನೂರು ಸರಿ. ಜೀವಕ್ಕೆ ಸಂಬಂಧಿಸಿದ ಭಾಗಗಳಲ್ಲಿ ರಾಜಿ ಇಲ್ಲ: ಬ್ರೇಕ್, ಸ್ಟೇರಿಂಗ್, ಟೈರು, ವೈರಿಂಗ್, ಪೆಟ್ರೋಲ್ ಪೈಪು ಹೊಸದಾಗಲೇಬೇಕು, ಕೊಳೆತ ತಗಡು ಕತ್ತರಿಸಿ ಹೋಗಲೇಬೇಕು. ಆದರೆ ಮೈಯೇ ಬೆನ್ನೆಲುಬು ಎಂಬ ಅದೇ ಕಾರಣಕ್ಕೆ, ನಂಬರು ಒತ್ತಿರುವ ತಗಡನ್ನು ವಿವೇಚನೆಯಿಲ್ಲದೆ ಕತ್ತರಿಸಿದರೆ ಕಾರಿನ ಗುರುತೇ ಹೋಗುತ್ತದೆ. ಆಮೇಲೆ ಉಳಿಯುವುದು ಫಿಯೆಟ್ ಆಕಾರದ ಹೊಸ ಡಬ್ಬಿ, ಕಾನೂನಿನ ತಕರಾರು ಬೇರೆ. ಬದಲಿಸಿದ್ದನ್ನೆಲ್ಲ ಬಿಚ್ಚುವ ಮೊದಲೇ ಫೋಟೋ ತೆಗೆದು, ತೆಗೆದ ತುಂಡಿಗೆ ಚೀಟಿ ಕಟ್ಟಿ ಇಟ್ಟರೆ ಸುರಕ್ಷತೆಗೂ ಚರಿತ್ರೆಗೂ ಜಗಳವೇ ಇಲ್ಲ. ರೀಬೋರ್ ಆದ ಎಂಜಿನ್ನು ಕಾರಿನ ನೆನಪನ್ನು ಅಳಿಸುವುದಿಲ್ಲ. ಹಿಡಿದು ಹಿಡಿದು ನುಣುಪಾದ ಸ್ಟೇರಿಂಗ್ ಚಕ್ರವನ್ನು ಎಸೆದು ಪೇಟೆಯ ಹೊಸದನ್ನು ಹಾಕುವುದು ಅಳಿಸುತ್ತದೆ, ಅದೂ ಯಾರ ಸುರಕ್ಷತೆಗೂ ಬೇಡದ ಬದಲಾವಣೆ.

ಇನ್ನೊಂದು ಆಕ್ಷೇಪ ಹಣದ್ದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ, ಲಕ್ಷಾಂತರ ತಯಾರಾದ ಸಾಮಾನ್ಯ ಗಾಡಿಗೆ ಇಷ್ಟೆಲ್ಲ ಯಾಕೆ, ಇದು ದುಡ್ಡಿದ್ದವರ ಶೋಕಿ ಎನ್ನುವವರಿದ್ದಾರೆ. ಖರ್ಚಿನ ಲೆಕ್ಕವನ್ನೇ ಹಾಕೋಣ. ದುಬಾರಿಯಾಗುವುದು ಟಿಂಕರಿಂಗ್, ಪೇಂಟು, ಕ್ರೋಮು. ಬಿ ಎಕ್ಸ್‌ಟ್ರಾಕ್ಟಿಗೆ ಅರ್ಜಿ ಹಾಕುವುದು, ಹಳೆಯ ವಿಳಾಸಕ್ಕೆ ಒಂದು ಕಾಗದ ಬರೆಯುವುದು, ಬಣ್ಣದ ಪದರಗಳ ಫೋಟೋ ತೆಗೆಯುವುದು ಬಡವರಿಗೂ ಸಾಧ್ಯವಿರುವ ಕೆಲಸ. ಎಷ್ಟೋ ಸಲ ಅದು ಖರ್ಚು ಉಳಿಸುತ್ತದೆ, ಏಕೆಂದರೆ ಮೂಲ ಬಣ್ಣ ಚೆನ್ನಾಗಿಯೇ ಉಳಿದಿದೆ ಎಂದು ತಿಳಿದ ಮೇಲೆ ಇಡೀ ಮೈಯನ್ನು ಕೆರೆಯಬೇಕಾಗಿಲ್ಲ. ಸಾಮಾನ್ಯ ಗಾಡಿ ಎಂಬ ಮಾತಿಗೂ ನನ್ನ ಒಪ್ಪಿಗೆಯಿಲ್ಲ. ಅರಮನೆಯ ಕಾರಿನ ಕಥೆಯನ್ನು ಅರಮನೆಯ ದಫ್ತರವೇ ಕಾಪಾಡುತ್ತದೆ. ಪಿಯುಸಿ ಲೆಕ್ಚರರೊಬ್ಬರು ಭವಿಷ್ಯನಿಧಿಯ ಹಣ ತೆಗೆದು ಕೊಂಡ ಸೆಕೆಂಡ್ ಹ್ಯಾಂಡ್ ಫಿಯೆಟ್ಟಿನ ಕಥೆಯನ್ನು ಕಾಪಾಡುವ ದಫ್ತರ ಯಾವುದೂ ಇಲ್ಲ. ಆ ಕಾರೇ ಅದರ ದಫ್ತರ.

ಖಾಸಗಿತನದ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರ. ಯಾರೋ ಮೂವತ್ತು ವರ್ಷದ ಹಿಂದೆ ಮಾರಿದ ಕಾರಿನ ನೆಪದಲ್ಲಿ ಅಪರಿಚಿತನೊಬ್ಬ ಅವರ ಮನೆ ಬಾಗಿಲು ತಟ್ಟುವುದು ಸರಿಯಲ್ಲ, ಹೆಸರು ವಿಳಾಸಗಳನ್ನು ಊರಿಗೆಲ್ಲ ಹಂಚುವುದಂತೂ ಅಪರಾಧ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆಯೇ ಬಂದಿದೆ. ಕಾರನ್ನು ಮಾರಿದ ಕಾರಣ ಸಾಲವೋ, ಸಾವೋ, ಮನೆ ಒಡೆದದ್ದೋ ಆಗಿದ್ದರೆ ಆ ನೆನಪು ಕೆದಕುವ ಹಕ್ಕು ಕೊಂಡವನಿಗಿಲ್ಲ. ಆದರೆ ಇದು ಹುಡುಕಲೇಬಾರದು ಎಂಬುದಕ್ಕೆ ಕಾರಣವಲ್ಲ, ಹುಡುಕುವ ರೀತಿಗೆ ಕಟ್ಟಳೆ. ಒಂದು ಕಾಗದ ಬರೆದು ಉತ್ತರ ಬಂದರೆ ಮುಂದುವರಿಯಬೇಕು, ಬಾರದಿದ್ದರೆ ಸುಮ್ಮನಾಗಬೇಕು. ಕಾರಿನ ಕಡತದಲ್ಲಿ ಹೆಸರಿನ ಬದಲು "ತಾಲ್ಲೂಕು ಆಸ್ಪತ್ರೆಯ ವೈದ್ಯರು, 1971ರಿಂದ 1983" ಎಂದಿದ್ದರೂ ಚರಿತ್ರೆಗೆ ಸಾಕು. ಇನ್ನು, ಕಾಗದ ಪಡೆದ ಮನೆಯವರಲ್ಲಿ ಹೆಚ್ಚಿನವರು ಬೇಸರಪಡುತ್ತಾರೆ ಎಂದುಕೊಳ್ಳುವುದೂ ತಪ್ಪೇ. ಆ ಕಾಲದಲ್ಲಿ ಮನೆಗೆ ಕಾರು ಬಂದ ದಿನ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಇಡೀ ಬೀದಿಯೆದುರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಫೋಟೋದಲ್ಲಿ ಗ್ರಿಲ್ಲು ಹೇಗಿತ್ತು, ಚಕ್ರದ ಮುಚ್ಚಳ ಯಾವುದು, ನಂಬರ್ ಫಲಕವನ್ನು ಯಾವ ಅಕ್ಷರದಲ್ಲಿ ಬರೆಸಿದ್ದರು ಎಂಬುದೆಲ್ಲ ಇರುತ್ತದೆ. ರಿಪೇರಿ ಮಾಡುವವನಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಸಿಗಲಾರದು.

ಸರ್ಕಾರವೂ ತನಗರಿವಿಲ್ಲದೆಯೇ ಈ ವಾದವನ್ನು ಒಪ್ಪಿದೆ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗದ ವಾಹನಕ್ಕೆ ವಿಂಟೇಜ್ ಮಾನ್ಯತೆಯಿದೆ. ಹೊಸದಾಗಿ ನೋಂದಾಯಿಸುವುದಕ್ಕೆ 20,000 ರೂಪಾಯಿ ಶುಲ್ಕ, ವಿಎ ಎಂಬ ಬೇರೆ ಸರಣಿ. ಮೊದಲೇ ನೋಂದಣಿಯಾಗಿರುವ ಗಾಡಿ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು, ಆದರೆ ಹಳೆಯ ಆರ್‌ಸಿ ತೋರಿಸಬೇಕು. ಮೊದಲ ನೋಂದಣಿಯ ದಿನಾಂಕವೇ ಇಲ್ಲಿ ಮಾನದಂಡ, ಆ ದಿನಾಂಕ ಇರುವುದು ಮೊದಲ ಮಾಲೀಕರ ಹೆಸರಿನ ಪಕ್ಕದಲ್ಲಿ. 1974ರಲ್ಲಿ ಫಿಯೆಟ್ ಬದಲು ಪದ್ಮಿನಿ ಎಂಬ ಹೆಸರು ಹೊತ್ತ ಮೊದಲ ಕಾರುಗಳು ಈಗಷ್ಟೇ ಈ ಹೊಸ್ತಿಲು ದಾಟುತ್ತಿವೆ. ಮಾರುತಿ 800 ಅಲ್ಲಿಗೆ ತಲುಪಬೇಕಾದರೆ 2033ರ ಕೊನೆ ಬರಬೇಕು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಹದಿನೈದಕ್ಕೂ ಐವತ್ತಕ್ಕೂ ನಡುವಿನ ಮೂವತ್ತೈದು ವರ್ಷಗಳಲ್ಲಿ ಸಣ್ಣ ಕಾರು ಹಳೆಯದೆಂಬ ದಂಡ ಕಟ್ಟುತ್ತದೆ, ಪಾರಂಪರಿಕವೆಂಬ ಗೌರವ ಮಾತ್ರ ಪಡೆಯುವುದಿಲ್ಲ. ಗುಜರಿ ಸೇರುವುದು, ಆರ್‌ಸಿ ಪುಸ್ತಕ ಹರಿಯುವುದು ಈ ಅವಧಿಯಲ್ಲೇ. ಹೊಗೆ ಉಗುಳುವ ಗಾಡಿ ದಿನವೂ ಓಡಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಗಾಡಿ ಗುಜರಿಗೆ ಹೋದರೂ ಅದರ ಪುಸ್ತಕ ಹೋಗಬೇಕಾಗಿಲ್ಲ. ಆರ್‌ಟಿಒಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ಕೆಎ ಪೂರ್ವದ ಲೆಡ್ಜರುಗಳನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿ ಸ್ಕ್ಯಾನ್ ಮಾಡಿಸುವುದು, ಐವತ್ತು ವರ್ಷ ಮೀರಿದ ಪುಟಗಳನ್ನು ಸಂಶೋಧಕರಿಗೂ ಕಾರಿನ ಈಗಿನ ಮಾಲೀಕರಿಗೂ ತೆರೆಯುವುದು ಸಾರಿಗೆ ಇಲಾಖೆಯ ಕೈಯಲ್ಲೇ ಇರುವ ಕೆಲಸ.

ಹರ್‌ಪಾಲ್ ಸಿಂಗರ ಕಥೆಯಲ್ಲಿ ಒಂದೇ ವಾಕ್ಯದಲ್ಲಿ ಬಂದುಹೋಗುವ ಸಂಗತಿಯೊಂದಿದೆ: ಹೊಸ ಮಾರುತಿಗೆ ಹಣ ಹೊಂದಿಸಲು ಅವರು ತಮ್ಮ ಫಿಯೆಟ್ಟನ್ನು ಮಾರಿದರು. ಮಾರುತಿ ಗಾಜಿನಂತೆ ಹೊಳೆಯುತ್ತಾ ಪ್ರದರ್ಶನದಲ್ಲಿ ನಿಂತಿದೆ. ಆ ಫಿಯೆಟ್ಟು ಎಲ್ಲಾದರೂ ಉಳಿದಿದ್ದರೆ, ಅದರ ಆರ್‌ಸಿ ಪುಸ್ತಕದ ಒಂದು ಪುಟದಲ್ಲಿ 1983ರ ಆಸುಪಾಸಿನ ದೆಹಲಿಯ ವರ್ಗಾವಣೆ ಮೊಹರು, ಅದರ ಮೇಲೆ ಮಾರಿದವರ ಹೆಸರು ಇರಲೇಬೇಕು. ದೆಹಲಿ ನಂಬರಿನ ಹಳೆಯ ಫಿಯೆಟ್ಟನ್ನು ಇವತ್ತು ಗ್ಯಾರೇಜಿಗೆ ಬಿಡುತ್ತಿರುವವರು ಸ್ಯಾಂಡ್ ಪೇಪರ್ ತರಿಸುವ ಮೊದಲು ಆ ಪುಟವನ್ನು ಒಮ್ಮೆ ತೆರೆದು ನೋಡಲಿ.